ಸುತ್ತಿಕೊಳ್ಳುವ ಕೇಬಲ್, ಸೋರಿಹೋಗುವ ವೋಲ್ಟ್

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನಾನು ಔಷಧ ಕಂಪನಿಯ ಪ್ರತಿನಿಧಿ. ವಾರಕ್ಕೆ ನಾಲ್ಕು ದಿನ ಬಸ್ಸು, ಲಾಡ್ಜು. ಎಳೆದರೆ ಉದ್ದವಾಗುವ, ಬಿಟ್ಟರೆ ತಾನೇ ಡಬ್ಬಿಯೊಳಗೆ ಸುತ್ತಿಕೊಳ್ಳುವ ಕೇಬಲ್ ಜೇಬಿನಲ್ಲಿರುತ್ತದೆ. ಲ್ಯಾಪ್‌ಟಾಪಿಗೂ ಫೋನಿಗೂ ನಡುವೆ ಫೈಲುಗಳು ಅದರಲ್ಲಿ ಸರಾಗವಾಗಿ ಓಡಾಡುತ್ತವೆ. ಚಾರ್ಜಿಗೆ ಮಾತ್ರ ಐದಾರು ಗಂಟೆ ಬೇಕು. ಅದೇ ಚಾರ್ಜರಿಗೆ ಮನೆಯ ದಪ್ಪ ಕೇಬಲ್ ಹಾಕಿದರೆ ಎರಡೇ ಗಂಟೆ. ಹೀಗೇಕೆ?"

ಅರ್ಧ ಉತ್ತರ ಅವರ ಪ್ರಶ್ನೆಯಲ್ಲೇ ಇದೆ. ಮನೆಯದು ದಪ್ಪ ಎಂದಿದ್ದಾರಲ್ಲ, ಅದರಲ್ಲಿ. ಉಳಿದರ್ಧಕ್ಕಾಗಿ, ಕೆಟ್ಟುಹೋಗಿದ್ದ ನನ್ನದೇ ಒಂದು ಕೇಬಲ್ಲಿನ ಡಬ್ಬಿಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದೆ. ಒಳಗೆ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಪ್ಲಾಸ್ಟಿಕ್ ಗಾಲಿ. ಅದರ ಹೊಟ್ಟೆಯಲ್ಲಿ, ಹಳೆಯ ಕೀಲಿ ಗಡಿಯಾರಗಳಲ್ಲಿ ಇರುತ್ತಿದ್ದಂಥ ಉಕ್ಕಿನ ಪಟ್ಟಿಯ ಸ್ಪ್ರಿಂಗು. ಗಾಲಿಯ ಮೈಮೇಲೆ ಕೊರೆದ ವಕ್ರ ತೋಡು, ಅದರಲ್ಲಿ ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡು. ಎಳೆದು ನಿಲ್ಲಿಸಿದಾಗ ಗುಂಡು ತೋಡಿನ ಒಂದು ಮೂಲೆಯಲ್ಲಿ ಸಿಕ್ಕಿಕೊಂಡು ಗಾಲಿಯನ್ನು ಹಿಡಿಯುತ್ತದೆ. ಇನ್ನೊಮ್ಮೆ ಸ್ವಲ್ಪ ಎಳೆದರೆ ಜಾರಿ ಹೊರಬರುತ್ತದೆ, ಸ್ಪ್ರಿಂಗು ತನ್ನ ಕೆಲಸ ಮಾಡುತ್ತದೆ. ಗಾರೆ ಮೇಸ್ತ್ರಿಯ ಟೇಪಿನ ವಂಶದ್ದೇ ಇದು. ಸ್ಪ್ರಿಂಗಿನಿಂದ ಸುತ್ತಿಕೊಳ್ಳುವ ಟೇಪಿಗೆ ಇಂಗ್ಲೆಂಡಿನ ಶೆಫೀಲ್ಡಿನ ಜೇಮ್ಸ್ ಚೆಸ್ಟರ್‌ಮನ್ 1829ರಲ್ಲೇ ಪೇಟೆಂಟ್ ಪಡೆದಿದ್ದರು.

ಆದರೆ ಟೇಪಿಗೆ ಒಂದೇ ತುದಿ, ಕೇಬಲ್ಲಿಗೆ ಎರಡು. ತಿರುಗುವ ಗಾಲಿಯಿಂದ ಕರೆಂಟನ್ನು ಹೊರಗೆ ತರಬೇಕೆಂದರೆ ಉಜ್ಜುವ ತಾಮ್ರದ ಉಂಗುರಗಳು ಬೇಕಾಗುತ್ತವೆ. ಈ ಪುಟ್ಟ ಡಬ್ಬಿಯಲ್ಲಿ ಅವಕ್ಕೆ ಜಾಗವಿಲ್ಲ. ಅದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು: ಕೇಬಲ್ಲನ್ನು ನಟ್ಟನಡುವೆ ಮಡಚಿ ಆ ಮಡಿಕೆಯನ್ನು ಗಾಲಿಗೆ ಸಿಕ್ಕಿಸುವುದು, ಎರಡು ತುದಿಗಳನ್ನೂ ಎದುರುಬದುರು ಹೊರಗೆ ಬಿಡುವುದು. ತಂತಿ ಎಲ್ಲೂ ತುಂಡಾಗಲಿಲ್ಲ, ಎಲ್ಲೂ ಉಜ್ಜಲಿಲ್ಲ. ಎರಡೂ ಕೈಯಲ್ಲಿ ಒಟ್ಟಿಗೆ ಎಳೆಯಿರಿ ಎಂದು ಪೊಟ್ಟಣದ ಮೇಲೆ ಬರೆದಿರುವುದು ಇದಕ್ಕೇ. ಒಂದನ್ನೇ ಎಳೆದರೆ ಇನ್ನೊಂದರ ಪಾಲಿನ ತಂತಿ ಡಬ್ಬಿಯೊಳಗೇ ಸಡಿಲಗೊಂಡು ಗೋಜಲಾಗುತ್ತದೆ.

ಇಷ್ಟು ಸಣ್ಣ ಗಾಲಿಗೆ ಸುತ್ತಬೇಕಾದರೆ ತಂತಿ ತೆಳ್ಳಗಿರಲೇಬೇಕು. ಇಂಥವುಗಳಲ್ಲಿ ಸಾಮಾನ್ಯವಾಗಿ ಅಮೆರಿಕನ್ ಅಳತೆಯ 28 ಗೇಜಿನ ತಂತಿ ಇರುತ್ತದೆ. ಅಂದರೆ ತಾಮ್ರದ ದಪ್ಪ 0.32 ಮಿಲಿಮೀಟರ್. ಮೀಟರ್ ಉದ್ದಕ್ಕೆ ಅದರ ರೋಧ ಸುಮಾರು 0.213 ಓಮ್. ಕರೆಂಟು ಹೋಗಲು ಒಂದು ತಂತಿ, ಬರಲು ಒಂದು. ಒಂದು ಮೀಟರ್ ಕೇಬಲ್ಲಿಗೆ ಒಟ್ಟು ಸುಮಾರು 0.426 ಓಮ್.

ಇದು ಏನು ಮಾಡುತ್ತದೆಂದು ಬಯಲುಸೀಮೆಯ ಯಾವ ರೈತರಾದರೂ ಹೇಳಬಲ್ಲರು. ಟ್ರಾನ್ಸ್‌ಫಾರ್ಮರ್ ಪಕ್ಕದ ತೋಟದ ಮೋಟಾರು ಸಲೀಸಾಗಿ ನೀರೆತ್ತುತ್ತದೆ. ಅದೇ ಲೈನಿನ ಕೊನೇ ಕಂಬದ ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ತ್ರೀ ಫೇಸ್ ಬಂದ ಕೂಡಲೇ ಎಲ್ಲರೂ ಮೋಟಾರು ಹಾಕಿದರೆ ಲೈನಿನ ಕೊನೆಯ ಮನೆಯ ಬಲ್ಬು ಕೆಂಡದ ಬಣ್ಣಕ್ಕೆ ಇಳಿಯುತ್ತದೆ. ಮೋಟಾರುಗಳು ನಿಂತ ಮೇಲೆ ಅದೇ ಬಲ್ಬು, ಅದೇ ತಂತಿ, ಮತ್ತೆ ಬೆಳ್ಳಗೆ ಉರಿಯುತ್ತದೆ. ತಂತಿ ತನ್ನ ಪಾಲಿನ ವೋಲ್ಟನ್ನು ಸುಮ್ಮನೆ ಕುಳಿತು ತಿನ್ನುವುದಿಲ್ಲ, ಕರೆಂಟು ಹರಿದಷ್ಟೂ ತಿನ್ನುತ್ತದೆ. ಜರ್ಮನಿಯ ಗೇಯೋರ್ಗ್ ಓಮ್ 1827ರಲ್ಲಿ ಲೆಕ್ಕವಾಗಿ ಬರೆದಿಟ್ಟದ್ದನ್ನು ನಮ್ಮ ಊರುಗಳು ಪ್ರತಿ ಬೇಸಿಗೆಯಲ್ಲೂ ನೋಡುತ್ತಿವೆ.

ಜೇಬಿನ ಕೇಬಲ್ಲಿನಲ್ಲೂ ನಡೆಯುವುದು ಇದೇ. ಫೋನು ಹಾಕದೆ ತುದಿಯಲ್ಲಿ ಮೀಟರ್ ಇಟ್ಟರೆ ಪೂರ್ತಿ 5 ವೋಲ್ಟ್ ತೋರಿಸುತ್ತದೆ, ಕೇಬಲ್ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಫೋನು 2 ಆಂಪಿಯರ್ ಎಳೆಯಲು ಹೊರಟರೆ ದಾರಿಯಲ್ಲೇ 0.85 ವೋಲ್ಟ್ ಖರ್ಚು, ಫೋನಿಗೆ ತಲುಪುವುದು 4.15. ಲಿಥಿಯಂ ಬ್ಯಾಟರಿ ತುಂಬಲು ಅದಕ್ಕೇ 4.2 ವೋಲ್ಟ್ ಬೇಕು. ಹಾಗಾಗಿ ಫೋನಿನೊಳಗಿನ ಚಾರ್ಜಿಂಗ್ ಚಿಪ್ ವೋಲ್ಟೇಜು ಕುಸಿಯುವುದನ್ನು ಕಂಡು ತಾನೇ ಕರೆಂಟು ತಗ್ಗಿಸುತ್ತದೆ. ದಾವಣಗೆರೆಯ ಗೆಳೆಯರ ಐದಾರು ಗಂಟೆ ಬಂದದ್ದು ಇಲ್ಲಿಂದ. ಮನೆಯ ಕೇಬಲ್ಲು 24 ಗೇಜಿನದಾಗಿದ್ದರೆ ಅದೇ 2 ಆಂಪಿಯರಿಗೆ ನಷ್ಟ 0.34 ವೋಲ್ಟ್ ಮಾತ್ರ.

ಹಾಗಿದ್ದರೆ ಫೈಲುಗಳು ಹೇಗೆ ಸರಾಗವಾಗಿ ಹೋಗುತ್ತವೆ? ಮಾಹಿತಿ ಹೋಗುವುದು ಬೇರೆ ಎರಡು ತಂತಿಗಳಲ್ಲಿ. ಹಳೆಯ ಚಪ್ಪಟೆ ಯುಎಸ್‌ಬಿ ಪಿನ್ನಿನೊಳಗೆ ಬೆಳಕು ಬಿಟ್ಟು ನೋಡಿ: ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳು, ಅಂಚಿನ ಎರಡು ನಡುವಿನವಕ್ಕಿಂತ ಚೂರು ಮುಂದಕ್ಕೆ ಚಾಚಿವೆ. ಅಂಚಿನವು ವಿದ್ಯುತ್ತಿಗೆ, ನಡುವಿನವು ಮಾಹಿತಿಗೆ. ಚುಚ್ಚುವಾಗ ಮೊದಲು ವಿದ್ಯುತ್ತು ತಾಗಲಿ, ಆಮೇಲೆ ಮಾತುಕತೆ ಶುರುವಾಗಲಿ ಎಂದು ಈ ಉದ್ದದ ವ್ಯತ್ಯಾಸ. ಮಾಹಿತಿಯ ತಂತಿಗಳಲ್ಲಿ ಹರಿಯುವ ಕರೆಂಟು ಅತ್ಯಲ್ಪ, ಆದ್ದರಿಂದ ತೆಳ್ಳಗಿದ್ದರೂ ಕುತ್ತಿಲ್ಲ. ಅವಕ್ಕೆ ಬೇಕಾದದ್ದು ಬೇರೆ: ಒಂದನ್ನೊಂದು ಹೆಣೆದುಕೊಂಡಿರುವುದು. ಹೊರಗಿನ ಗದ್ದಲ ಹೆಣೆದ ಎರಡರ ಮೇಲೂ ಸಮನಾಗಿ ಬಿದ್ದು, ವ್ಯತ್ಯಾಸ ತೆಗೆದಾಗ ಅಳಿಸಿಹೋಗುತ್ತದೆ. ದೂರವಾಣಿಗಾಗಿ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪಡೆದ ಪೇಟೆಂಟು ಇದು. ಡಬ್ಬಿಯೊಳಗೆ ಸುತ್ತುವ ಪಟ್ಟಿಯಂಥ ಕೇಬಲ್ಲಿನಲ್ಲಿ ಸಾಮಾನ್ಯವಾಗಿ ಹೆಣೆದಿರುವುದಿಲ್ಲ, ಒಂದು ಮೀಟರ್ ಉದ್ದಕ್ಕೆ ಹೇಗೋ ನಡೆದುಹೋಗುತ್ತದೆ.

ಒಂದೇ ಕೇಬಲ್ಲಿನಲ್ಲಿ ಅನ್ನವೂ ಅಕ್ಷರವೂ ಸಾಗಲಿ ಎಂಬ ಯೋಚನೆಯೇ ದೊಡ್ಡದು. 1996ರಲ್ಲಿ ಬಂದ ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರಿಗೆ ಎರಡು ಪುಟ್ಟ ಸೆಲ್ಲುಗಳನ್ನು ಹಾಕಬೇಕಿತ್ತು. ಕಂಪ್ಯೂಟರಿನೊಡನೆ ಸಿಂಕ್ ಮಾಡಲು ಬೇರೆಯೇ ಒಂದು ತೊಟ್ಟಿಲಲ್ಲಿ ಕೂರಿಸಬೇಕಿತ್ತು. ಅದೇ ವರ್ಷದ ಜನವರಿಯಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಹೊರಬಂತು. ವಡೋದರಾದಲ್ಲಿ ಓದಿದ ಅಜಯ್ ಭಟ್ ಮತ್ತು ಇಂಟೆಲ್‌ನ ಅವರ ತಂಡದ ದುಡಿಮೆ ಅದರ ಹಿಂದಿದೆ. ಅವರು 5 ವೋಲ್ಟನ್ನೂ ಮಾಹಿತಿಯನ್ನೂ ಒಂದೇ ಕೊಳವೆಗೆ ತಂದರು. ಅಂಗೈ ಯಂತ್ರಗಳು ಯುಎಸ್‌ಬಿಗೆ ಬಂದ ಮೇಲೆ ತೊಟ್ಟಿಲನ್ನು ಮನೆಯಲ್ಲೇ ಬಿಟ್ಟು ಈ ಪುಟ್ಟ ಡಬ್ಬಿಯೊಂದನ್ನೇ ಚೀಲಕ್ಕೆ ಹಾಕಿಕೊಳ್ಳಬಹುದಾಯಿತು. ಆಗ ಕಂಪ್ಯೂಟರಿನ ಕಿಂಡಿ ಕೊಡುತ್ತಿದ್ದದ್ದು ಅರ್ಧ ಆಂಪಿಯರ್. ಅಷ್ಟಕ್ಕೆ ತೆಳ್ಳನೆಯ ತಂತಿಯಲ್ಲಿ ನಷ್ಟ 0.21 ವೋಲ್ಟ್, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫೋನುಗಳ ಹಸಿವು ಬೆಳೆಯಿತು, ಡಬ್ಬಿ ಬೆಳೆಯಲಿಲ್ಲ.

ಈಗ ಇದೇ ಬಗೆಯ ಕೇಬಲ್ಲುಗಳ ಮೇಲೆ 100 ವಾಟ್ ಎಂದು ಅಚ್ಚು ಹಾಕಿ ಮಾರುತ್ತಾರೆ. ನಂಬುವ ಮೊದಲು ಪೊಟ್ಟಣ ತಿರುಗಿಸಿ ನೋಡಿ. 100 ವಾಟ್ ಎಂದರೆ 20 ವೋಲ್ಟ್, 5 ಆಂಪಿಯರ್. 3 ಆಂಪಿಯರ್ ದಾಟಬೇಕಾದರೆ ಟೈಪ್-ಸಿ ಕೇಬಲ್ಲಿನ ತುದಿಯಲ್ಲಿ ತನ್ನ ತಾಕತ್ತನ್ನು ಚಾರ್ಜರಿಗೆ ಹೇಳುವ ಚಿಪ್ ಇರಬೇಕು. ಅದರ ಮಾತೇ ಇಲ್ಲದ ಪೊಟ್ಟಣವನ್ನು ನಾನಂತೂ ಕೊಳ್ಳುವುದಿಲ್ಲ.

ಹೀಗೆ 5ರ ಬದಲು 20 ಎಂದು ವೋಲ್ಟೇಜು ಏರಿಸುವ ಉಪಾಯ ಮಾತ್ರ ಅಪ್ಪಟ ನಿಜ. 10 ವಾಟನ್ನು 5 ವೋಲ್ಟಿನಲ್ಲಿ ಕಳಿಸಿದರೆ ನಮ್ಮ ತೆಳ್ಳನೆಯ ತಂತಿಯಲ್ಲಿ 1.7 ವಾಟ್ ಬಿಸಿಯಾಗಿ ಹೋಗುತ್ತದೆ. 9 ವೋಲ್ಟಿನಲ್ಲಿ ಕಳಿಸಿದರೆ ಹೋಗುವುದು ಸುಮಾರು ಅರ್ಧ ವಾಟ್. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದ್ದೂ ಹೀಗೆಯೇ, ಹತ್ತಾರು ಸಾವಿರ ವೋಲ್ಟಿಗೆ ಏರಿಸಿ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಕೈಗೆತ್ತಿಕೊಂಡ ಕೆಲಸದ ಸೂತ್ರವೇ ಇಂದು ಫಾಸ್ಟ್ ಚಾರ್ಜರಿನಲ್ಲಿದೆ.

ನನ್ನ ಕೇಬಲ್ ಸತ್ತದ್ದು ಬೇರೆ ಕಾರಣಕ್ಕೆ. ಸೆಂಟ್ರಿಂಗ್ ಕೆಲಸದವರು ಬೈಂಡಿಂಗ್ ತಂತಿಯನ್ನು ಅತ್ತಿತ್ತ ನಾಲ್ಕು ಸಲ ಬಗ್ಗಿಸಿ ಮುರಿಯುತ್ತಾರಲ್ಲ, ಹಾಗೆ. ಡಬ್ಬಿಯ ಬಾಯಲ್ಲಿ ತಂತಿ ದಿನವೂ ಬಗ್ಗಿ ನೆಟ್ಟಗಾಗಿ ದಣಿದಿತ್ತು. ಹೊದಿಕೆ ಸುಲಿದಾಗ ಏಳು ಎಳೆಗಳಲ್ಲಿ ಐದು ತುಂಡಾಗಿದ್ದವು, ಉಳಿದೆರಡರ ಸುತ್ತ ಪ್ಲಾಸ್ಟಿಕ್ ಕಂದಿತ್ತು. ನಿಮ್ಮದು ಆ ಜಾಗದಲ್ಲಿ ಕೈಗೆ ಬಿಸಿ ತಾಗಿದರೆ ಅಂದೇ ಬಿಸಾಡಿ. ತಾಗದಿದ್ದರೆ ಎರಡೂ ತುದಿ ಸಮನಾಗಿ ಎಳೆದು, ಡಬ್ಬಿಯಲ್ಲಿ ಸುರುಳಿ ಉಳಿಯದಂತೆ ಪೂರ್ತಿ ಬಿಚ್ಚಿ ಬಳಸಿ. ಲಾಡ್ಜಿನಲ್ಲಿ ಮಲಗುವ ಮುಂಚೆ ಚಾರ್ಜಿಗೆ ಹಾಕಿದರೆ ಬೆಳಗಿನ ಬಸ್ಸಿನ ಹೊತ್ತಿಗೆ ತುಂಬಿರುತ್ತದೆ.