ಕನ್ನಡದ ಕಿರುಬೆರಳಿಗೆ ಎಂಥ ಸ್ವಿಚ್?

‘ಶಹಾಬಾದ’ ಎಂದು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಲು ಆರು ಕೀ ಒತ್ತಬೇಕು. ಆ ಆರರಲ್ಲಿ ಮೂರಕ್ಕೆ ಶಿಫ್ಟ್ ಬೇಕು: ಶಕಾರಕ್ಕೆ ಒಮ್ಮೆ, ಎರಡು ದೀರ್ಘಗಳಿಗೆ ಎರಡು ಸಲ. ‘ಚಿಂಚೋಳಿ’ಗೆ ಏಳು ಕೀ, ಸೊನ್ನೆ, ಓಕಾರ, ಳಕಾರ ಮೂರಕ್ಕೂ ಶಿಫ್ಟ್. ‘ಸೇಡಂ’ಗೆ ಬೇಕಾಗುವುದು ನಾಲ್ಕೇ ಕೀ, ಅದರಲ್ಲೂ ಎರಡು ಶಿಫ್ಟಿನವು. ‘ಚಿಮ್ಮನಚೋಡ’ಕ್ಕೆ ಒಂಬತ್ತು ಕೀ, ಓಕಾರಕ್ಕೆ ಒಂದು ಶಿಫ್ಟ್, ಮಕಾರದ ಒತ್ತಿಗೆ ನಡುವೆ ಒಂದು ಎಫ್. ಇದೇ ಊರುಗಳನ್ನು ಇಂಗ್ಲಿಷಿನಲ್ಲಿ ಬರೆದರೆ ಮೊದಲ ಅಕ್ಷರಕ್ಕೆ ಒಮ್ಮೆ ಶಿಫ್ಟ್ ಒತ್ತಿದರೆ ಮುಗಿಯಿತು.

ಮೊದಲ ಮೆಕ್ಯಾನಿಕಲ್ ಕೀಬೋರ್ಡ್ ಕೊಳ್ಳುವವರಿಗೆ ಸಿಗುವ ಸಲಹೆಯೆಲ್ಲ ಹೆಚ್ಚಾಗಿ ಇಂಗ್ಲಿಷ್ ಟೈಪ್ ಮಾಡುವ ಬೆರಳಿಗೆ, ಇಲ್ಲವೇ ಗೇಮ್ ಆಡುವ ಬೆರಳಿಗೆ ಹೇಳಿದ್ದು. ಚಿಮ್ಮನಚೋಡದಂಥ ಊರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಪಹಣಿ ಅರ್ಜಿ, ಬಾಡಿಗೆ ಕರಾರು, ಮದುವೆ ಕಾರ್ಡು ಟೈಪ್ ಮಾಡುವವರಿಗೆ, ನೇಮಕಾತಿ ಪರೀಕ್ಷೆಗೆಂದು ಕನ್ನಡ ಟೈಪಿಂಗ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಆ ಸಲಹೆ ಅರ್ಧ ಮಾತ್ರ ಹೊಂದುತ್ತದೆ. ಕನ್ನಡ ಟೈಪ್ ಮಾಡುವ ಕೈಯಲ್ಲಿ ಕೆಲಸ ಬೇರೆ ರೀತಿ ಹಂಚಿಕೆಯಾಗಿದೆ. ಸ್ವಿಚ್ ಆರಿಸುವಾಗ ಆ ಹಂಚಿಕೆಯನ್ನೇ ಮೊದಲು ನೋಡಬೇಕು ಎಂಬುದು ನನ್ನ ವಾದ.

ಈ ಹಂಚಿಕೆಯನ್ನು ರೂಪಿಸಿದವರು ಕೆ.ಪಿ. ರಾವ್. ಅಕ್ಷರದ ಉಚ್ಚಾರಣೆಯನ್ನೇ ಹಿಡಿದು ಅವರು ರಚಿಸಿದ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತು ‘ನುಡಿ’ಯಲ್ಲಿ ಅಳವಡಿಸಿತು, ರಾಜ್ಯ ಸರ್ಕಾರವೂ ಅದನ್ನು ಪ್ರಮಾಣಿತ ಎಂದು ಒಪ್ಪಿತು. ಹ್ರಸ್ವಕ್ಕೆ ಬರಿ ಕೀ, ದೀರ್ಘಕ್ಕೆ ಶಿಫ್ಟ್. ಅಲ್ಪಪ್ರಾಣಕ್ಕೆ ಬರಿ ಕೀ, ಮಹಾಪ್ರಾಣಕ್ಕೆ ಶಿಫ್ಟ್. ಒಂದು ವ್ಯಂಜನವನ್ನು ಇನ್ನೊಂದಕ್ಕೆ ಬೆಸೆಯಲು ನಡುವೆ ಎಫ್ ಒತ್ತಬೇಕು. ‘ರಾಷ್ಟ್ರ’ ಎಂಬ ಎರಡಕ್ಷರದ ಪದಕ್ಕೆ ಏಳು ಕೀ, ಅದರಲ್ಲಿ ಎರಡು ಎಫ್. ನಿಯಮ ಇಷ್ಟು ಸರಳವಾಗಿರುವುದರಿಂದಲೇ ನಮ್ಮ ಲಿಪಿ ಇಂಗ್ಲಿಷಿಗೆಂದು ಮಾಡಿದ ಕೀಬೋರ್ಡಿನ ಮೇಲೆ ಸರಾಗವಾಗಿ ಕೂತಿದೆ. ಅದರ ಬೆಲೆಯನ್ನು ತೆರುವವು ಶಿಫ್ಟ್ ಒತ್ತುವ ಎರಡು ಕಿರುಬೆರಳು ಮತ್ತು ಎಫ್ ಒತ್ತುವ ಎಡಗೈಯ ತೋರುಬೆರಳು.

ಇನ್ನು ಕೀಯ ಒಳಗೆ ಇಳಿಯೋಣ. ನಾಲ್ಕೈದು ನೂರು ರೂಪಾಯಿಯ ಸಾಮಾನ್ಯ ಕೀಬೋರ್ಡಿನಲ್ಲಿ ಪ್ರತಿ ಕೀಯ ಕೆಳಗೆ ರಬ್ಬರಿನ ಸಣ್ಣ ಗುಮ್ಮಟವಿರುತ್ತದೆ. ಒತ್ತಿದಾಗ ಅದು ಕುಸಿದು, ಕೆಳಗಿನ ಪ್ಲಾಸ್ಟಿಕ್ ಹಾಳೆಗಳ ಮೇಲೆ ಮುದ್ರಿಸಿರುವ ಎರಡು ಗೆರೆಗಳನ್ನು ಕೂಡಿಸುತ್ತದೆ. ಬಹುಮಟ್ಟಿಗೆ ತಳ ಮುಟ್ಟುವವರೆಗೂ ಒತ್ತಿದರಷ್ಟೇ ಅಕ್ಷರ ಮೂಡುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಬಿಗಿಯಾಗುತ್ತದೆ, ಇಲ್ಲವೇ ಸಡಿಲಗೊಳ್ಳುತ್ತದೆ. ಆಗ ಒಂದೊಂದು ಕೀಗೆ ಒಂದೊಂದು ಬಲ ಬೇಕಾಗುತ್ತದೆ.

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಸ್ವಂತ ಸ್ವಿಚ್ ಇರುತ್ತದೆ. ಒಂದು ಪ್ಲಾಸ್ಟಿಕ್ ಗೂಡು, ಅದರೊಳಗೆ ಮೇಲೆ ಕೆಳಗೆ ಸರಿಯುವ ಒಂದು ಕಾಂಡ, ಅದನ್ನು ಮೇಲಕ್ಕೆ ತಳ್ಳುವ ಉಕ್ಕಿನ ಸುರುಳಿ ಸ್ಪ್ರಿಂಗ್, ಪಕ್ಕದಲ್ಲಿ ಪರಸ್ಪರ ತಾಗಲು ಕಾದು ನಿಂತ ಎರಡು ತೆಳು ಲೋಹದ ಎಲೆಗಳು. ಕಾಂಡದ ಒಂದು ಕಾಲು ಒಂದು ಎಲೆಯನ್ನು ದೂರ ತಳ್ಳಿಕೊಂಡಿರುತ್ತದೆ. ಕೀ ಒತ್ತಿದಾಗ ಆ ಕಾಲು ಕೆಳಗೆ ಸರಿಯುತ್ತದೆ, ಎಲೆಗಳು ಕೂಡುತ್ತವೆ, ಅಕ್ಷರ ಮೂಡುತ್ತದೆ. 1980ರ ದಶಕದ ಮೊದಲಲ್ಲಿ ಚೆರ್ರಿ ಕಂಪನಿ ತಂದ ಎಂಎಕ್ಸ್ ಸ್ವಿಚ್ ಇಂದಿಗೂ ಇದರ ಮಾದರಿ. ಅದರ ಮೂಲ ಪೇಟೆಂಟಿನ ಅವಧಿ ಮುಗಿದ ಮೇಲೆ ಗೇಟರಾನ್, ಕೈಲ್, ಔಟೆಮು ಮುಂತಾದ ಚೀನಾದ ಕಂಪನಿಗಳು ಇದೇ ಅಳತೆಯಲ್ಲಿ ಸ್ವಿಚ್ ಮಾಡುತ್ತಿರುವುದರಿಂದ ಬೆಲೆ ನಮ್ಮ ಕೈಗೆ ಎಟುಕುವಷ್ಟು ಇಳಿದಿದೆ.

ಇಲ್ಲೊಂದು ಅಳತೆ ನೆನಪಿಡಬೇಕು. ಎಂಎಕ್ಸ್ ಸ್ವಿಚ್ಚಿನ ಪೂರ್ತಿ ಓಟ 4 ಮಿ.ಮೀ.; ಸಾಮಾನ್ಯವಾಗಿ ಅಕ್ಷರ ಮೂಡುವುದು ಸುಮಾರು 2 ಮಿ.ಮೀ. ಇಳಿದಾಗಲೇ. ಅಂದರೆ ಅರ್ಧ ದಾರಿಯಲ್ಲೇ ಕೆಲಸ ಮುಗಿದಿರುತ್ತದೆ. ಟೈಪ್‌ರೈಟರ್ ಕಲಿತು ಬಂದ ಹಿರಿಯರು ಇದನ್ನು ನಂಬುವುದಿಲ್ಲ. ಅವರ ಯಂತ್ರದಲ್ಲಿ ಬೆರಳಿನ ಬಲವೇ ಸುತ್ತಿಗೆಯಾಗಿ ರಿಬ್ಬನ್ನಿಗೆ ಬಡಿಯಬೇಕಿತ್ತು, ಬಲ ಕಡಿಮೆಯಾದರೆ ಅಕ್ಷರ ಮಸುಕಾಗುತ್ತಿತ್ತು. ಶಿಫ್ಟ್ ಒತ್ತಿದರೆ ಅಚ್ಚಿನ ಇಡೀ ಬುಟ್ಟಿಯೋ ಗಾಡಿಯೋ ಮೇಲೆ ಕೆಳಗೆ ಸರಿಯಬೇಕಿತ್ತು. ಆ ಕಿರುಬೆರಳುಗಳು ಪಟ್ಟ ಕಷ್ಟ ಸಣ್ಣದಲ್ಲ. ಅದೇ ಬಲದಲ್ಲಿ ಇಂದಿನ ಕೀಯನ್ನು ಬಡಿದರೆ ತಳಕ್ಕೆ ತಾಗಿದ ಹೊಡೆತ ನೇರವಾಗಿ ಬೆರಳ ಗೆಣ್ಣಿಗೆ ಬರುತ್ತದೆ. ಮೆಕ್ಯಾನಿಕಲ್ ಕೀಬೋರ್ಡ್ ಕೊಂಡವರು ಮೊದಲ ವಾರದಲ್ಲಿ ಕಲಿಯಬೇಕಾದ ವಿದ್ಯೆ ಮೆಲ್ಲಗೆ ಒತ್ತುವುದು.

ಮೆಕ್ಯಾನಿಕಲ್ ಎಂಬ ಹೆಸರನ್ನೇ ಕೇಳದವರೂ ಅದರ ಸದ್ದನ್ನು ಕೇಳಿರುತ್ತಾರೆ. ಬ್ಯಾಂಕಿನ ಕೌಂಟರು, ಔಷಧ ಅಂಗಡಿಯ ಬಿಲ್ಲಿಂಗ್ ಮೇಜು, ತಾಲೂಕು ಕಚೇರಿಗಳಲ್ಲಿ ಟಿಕ್ ಟಿಕ್ ಎನ್ನುತ್ತಿದ್ದ ದಪ್ಪನೆಯ ಟಿವಿಎಸ್ ಗೋಲ್ಡ್ ಕೀಬೋರ್ಡ್ ಅದೇ. ಅದರೊಳಗೆ ಇರುತ್ತಿದ್ದುದು ಚೆರ್ರಿಯ ನೀಲಿ ಸ್ವಿಚ್. 2010ರಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂದ ಮೇಲೆ ಆ ಚಿಹ್ನೆಯನ್ನು ಕೀ ಮೇಲೆ ಹೊತ್ತ ‘ಗೋಲ್ಡ್ ಭಾರತ್’ ಬಂತು. ನಮ್ಮ ಎಷ್ಟೋ ಗುಮಾಸ್ತರ ಮೊದಲ ಮೆಕ್ಯಾನಿಕಲ್ ಕೀಬೋರ್ಡ್ ಟಿವಿಎಸ್ ಗೋಲ್ಡೇ.

ನೀಲಿ, ಕಂದು, ಕೆಂಪು ಎಂದು ಬಣ್ಣದಿಂದ ಸ್ವಿಚ್ ಗುರುತಿಸುವ ಪದ್ಧತಿ ಚೆರ್ರಿಯಿಂದಲೇ ಬಂದದ್ದು. ಬಣ್ಣ ಎಂದರೆ ಕಾಂಡದ ಬಣ್ಣ. ನೀಲಿಯಲ್ಲಿ ಕಾಂಡ ಎರಡು ತುಂಡು. ಒತ್ತುತ್ತಾ ಹೋದಂತೆ ಹೊರ ತುಂಡು ಲೋಹದ ಎಲೆಗೆ ಸಿಕ್ಕಿ ನಿಂತು, ಬಲ ಸುಮಾರು 60 ಸೆಂಟಿನ್ಯೂಟನ್‌ಗೆ ಏರಿದಾಗ ಥಟ್ಟನೆ ಜಾರಿ ಕೆಳಗೆ ಬಡಿಯುತ್ತದೆ. ಸದ್ದು ಅದರದ್ದೇ. ಕಂದು ಸ್ವಿಚ್ಚಿನಲ್ಲಿ ಕಾಂಡದ ಕಾಲಿಗೆ ಒಂದು ಸಣ್ಣ ಉಬ್ಬು ಮಾತ್ರ ಇದೆ. ಬೆರಳಿಗೆ ಆ ಉಬ್ಬು ತಿಳಿಯುತ್ತದೆ, ಕಿವಿಗೆ ಸದ್ದಿಲ್ಲ. ಉಬ್ಬು ದಾಟಲು 55, ಅಕ್ಷರ ಮೂಡುವಲ್ಲಿ 45 ಸೆಂಟಿನ್ಯೂಟನ್. ಕೆಂಪಿನಲ್ಲಿ ಉಬ್ಬೂ ಇಲ್ಲ, ಸದ್ದೂ ಇಲ್ಲ. ಸ್ಪ್ರಿಂಗ್ ಒಂದೇ ಸಮನೆ ಬಿಗಿಯಾಗುತ್ತಾ ಹೋಗಿ 45ರಲ್ಲಿ ಅಕ್ಷರ ಮೂಡುತ್ತದೆ. ಕಪ್ಪು ಅದರ ಅಣ್ಣ, 60 ಸೆಂಟಿನ್ಯೂಟನ್ನಿನದು.

ಸೆಂಟಿನ್ಯೂಟನ್ ಎಂದರೆ ಗಾಬರಿಯಾಗಬೇಕಿಲ್ಲ. ಅದು ಹೆಚ್ಚೂಕಡಿಮೆ ಒಂದು ಗ್ರಾಂ ತೂಕದ ಒತ್ತಡ. ಹತ್ತು ರೂಪಾಯಿಯ ಎರಡು ಬಣ್ಣದ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಅಂಥ ಆರು ನಾಣ್ಯಗಳನ್ನು ಕೆಂಪು ಸ್ವಿಚ್ಚಿನ ಕೀ ಮೇಲೆ ಒಂದರ ಮೇಲೊಂದು ನಿಧಾನ ಇಟ್ಟರೆ ಪರದೆಯ ಮೇಲೆ ಅಕ್ಷರ ಬರಬೇಕು; ಕಪ್ಪಿಗೆ ಎಂಟು ಬೇಕು. ಕೀ ಮೇಲಿನ ಟೋಪಿಯ ತೂಕ, ತಯಾರಿಕೆಯ ಸಣ್ಣ ವ್ಯತ್ಯಾಸದಿಂದ ಒಂದು ನಾಣ್ಯ ಆಚೀಚೆ ಆದೀತು. ಮನೆಯಲ್ಲಿರುವ ಹಳೆಯ ಕೀಬೋರ್ಡನ್ನೂ ಹೀಗೆ ತೂಗಿ ನೋಡಿ. ನಿಮ್ಮ ಬೆರಳು ಈಗ ಎಷ್ಟಕ್ಕೆ ಒಗ್ಗಿದೆ ಎಂಬ ಅಂಕಿ ಸಿಕ್ಕರೆ ಹೊಸದನ್ನು ಆರಿಸುವುದು ಸುಲಭ.

ಈಗ ಎಫ್‌ಗೆ ಬರೋಣ. ಎಡಗೈ ತೋರುಬೆರಳು ಸುಮ್ಮನಿದ್ದಾಗ ಕೂರುವ ಜಾಗವೇ ಎಫ್. ಅದಕ್ಕೇ ಆ ಕೀ ಮೇಲೆ ಸಣ್ಣ ಗೆರೆ ಇರುತ್ತದೆ. ಇಂಗ್ಲಿಷಿನಲ್ಲಿ ಅಲ್ಲಿ ಬೆರಳು ತಪ್ಪಿ ಭಾರ ಬಿಟ್ಟರೆ ಒಂದು ಅಕ್ಷರ ಹೆಚ್ಚಾಗಿ ಬೀಳುತ್ತದೆ, ಕಣ್ಣಿಗೂ ಕೂಡಲೇ ಬೀಳುತ್ತದೆ. ಕನ್ನಡದಲ್ಲಿ ಹಾಗಲ್ಲ. ‘ಕರ’ ಎಂಬುದರ ನಡುವೆ ಎಫ್ ನುಸುಳಿದರೆ ಅದು ‘ಕ್ರ’ ಆಗಿಬಿಡುತ್ತದೆ. ಹೆಚ್ಚುವರಿ ಅಕ್ಷರವೇನೂ ಕಾಣದು, ಇದ್ದ ಅಕ್ಷರಗಳೇ ರೂಪ ಬದಲಿಸಿರುತ್ತವೆ. ಅರ್ಜಿಯಲ್ಲಿ ಯಾರದೋ ಹೆಸರು ಹೀಗೆ ಕೆಟ್ಟರೆ ಅದನ್ನು ತಿದ್ದಿಸಲು ಆ ಮನುಷ್ಯ ಮತ್ತೆ ತಾಲೂಕಿಗೆ ಬಸ್ಸು ಹತ್ತಬೇಕು. ಹಾಗಾಗಿ ಎಫ್ ಕೆಳಗೆ ತೀರಾ ಹಗುರ ಸ್ವಿಚ್ ಬೇಡ. 35 ಗ್ರಾಮಿನ ಸ್ವಿಚ್‌ಗಳೂ ಮಾರಾಟದಲ್ಲಿವೆ, 1.2 ಮಿ.ಮೀ. ಇಳಿದರೆ ಸಾಕು ಅಕ್ಷರ ಮೂಡಿಸುವ ಬೆಳ್ಳಿ ಬಣ್ಣದವೂ ಇವೆ. ಅವು ಗೇಮಿಗೆ ಸರಿ. ಬೆರಳು ಕೂತು ವಿಶ್ರಮಿಸುವ ಎಫ್‌ಗೆ ಉಬ್ಬಿರುವ ಕಂದು ಜಾತಿಯೇ ಕಾವಲು.

ಶಿಫ್ಟಿನ ಬೇಡಿಕೆ ಇದಕ್ಕೆ ತದ್ವಿರುದ್ಧ. ಅದನ್ನು ಒತ್ತಿ ಬಿಟ್ಟರೆ ಸಾಲದು, ಇನ್ನೊಂದು ಕೈ ಅಕ್ಷರ ಒತ್ತುವವರೆಗೆ ಹಿಡಿದಿರಬೇಕು. ಸ್ಪ್ರಿಂಗು ಕೆಳಗೆ ಹೋದಷ್ಟೂ ಬಿಗಿ. 45ರಲ್ಲಿ ಅಕ್ಷರ ಮೂಡಿಸುವ ಕೆಂಪು ಸ್ವಿಚ್ ತಳ ಮುಟ್ಟಿದಾಗ ಸುಮಾರು 60ರಷ್ಟು ಎದುರು ತಳ್ಳುತ್ತದೆ, ಕಪ್ಪು ಸುಮಾರು 80. ಐದು ಬೆರಳಲ್ಲಿ ಬಲ ಕಡಿಮೆಯಿರುವ ಬೆರಳಿಗೆ, ಒಂದೊಂದು ಪದದಲ್ಲಿ ಎರಡು ಮೂರು ಸಲ, ಈ ಹೊರೆ. ಶಿಫ್ಟ್ ಕೆಳಗೆ ಕೆಂಪು ಜಾತಿಯ 45ರದನ್ನು ಹಾಕುವುದು ಒಳ್ಳೆಯದು. ಇನ್ನೂ ಹಗುರಾದರೆ ಆ ಉದ್ದ ಕೀಯ ಟೋಪಿ, ಅದನ್ನು ಸಮನಾಗಿ ಹಿಡಿಯುವ ತಂತಿ ಇವುಗಳ ಭಾರಕ್ಕೆ ಸ್ವಿಚ್ ಮೇಲೆ ಏಳಲು ಸೋಮಾರಿಯಾಗಬಹುದು.

ಬಲಗಡೆಯ ಶಿಫ್ಟ್ ಬಗ್ಗೆಯೂ ಒಂದು ಮಾತು. ಎಡಗೈ ಅಕ್ಷರಕ್ಕೆ ಬಲಗೈ ಶಿಫ್ಟ್ ಎಂಬುದು ಟೈಪಿಂಗ್ ಕ್ಲಾಸಿನ ಮೊದಲ ಪಾಠ. ನಮ್ಮ ಆಕಾರ, ಏಕಾರ, ಶಕಾರ ಮೂರೂ ಎಡಗೈ ಕಡೆಯವು. ನೋಡಲು ಮುದ್ದಾಗಿರುವ ಕೆಲವು ಚಿಕ್ಕ ಕೀಬೋರ್ಡುಗಳಲ್ಲಿ ಜಾಗ ಉಳಿಸಲು ಬಲ ಶಿಫ್ಟನ್ನೂ ಕತ್ತರಿಸಿ ಗಿಡ್ಡ ಮಾಡಿರುತ್ತಾರೆ. ಕನ್ನಡ ಟೈಪ್ ಮಾಡುವವರು ಅಂಥದ್ದನ್ನು ಕೊಳ್ಳಬಾರದು.

ನೀಲಿ ಸ್ವಿಚ್ಚಿನ ಮೇಲೆ ಒಂದು ಹಳೆಯ ದೂರಿದೆ: ಒಮ್ಮೆ ಒತ್ತಿದ ಮೇಲೆ ಅದು ಮತ್ತೆ ಸಜ್ಜಾಗಲು ಬೆರಳನ್ನು ತುಸು ಹೆಚ್ಚೇ ಎತ್ತಬೇಕು, ಆದ್ದರಿಂದ ಒಂದೇ ಅಕ್ಷರವನ್ನು ಎರಡು ಸಲ ಬೇಗ ಒತ್ತಲು ತೊಡಕು. ಕನ್ನಡಕ್ಕೆ ಈ ದೂರು ಅಷ್ಟಾಗಿ ತಾಗುವುದಿಲ್ಲ. ಅಮ್ಮ, ಅಕ್ಕ, ಕಲ್ಲು ಎಂಬಲ್ಲೆಲ್ಲ ಎರಡು ಸಲ ಬರುವ ವ್ಯಂಜನದ ನಡುವೆ ಎಫ್ ಇರುವುದರಿಂದ ಬೆರಳಿಗೆ ಏಳಲು ಸಮಯ ಸಿಕ್ಕೇ ಸಿಗುತ್ತದೆ. ಆದರೂ ನೀಲಿಯನ್ನು ನಾನು ಸೂಚಿಸಲಾರೆ, ಕಾರಣ ಸದ್ದು. ಒಂದೇ ಪಡಸಾಲೆಯಲ್ಲಿ ಓದುವ ಮಕ್ಕಳು, ಮಲಗಿದ ಹಿರಿಯರು ಇರುವ ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಅದನ್ನು ಬಳಸುವುದು ಸಾಧ್ಯವಿಲ್ಲ.

ನಮ್ಮ ಭಾಗದಲ್ಲಿ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಧೂಳು. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು. ಶಹಾಬಾದ, ಚಿತ್ತಾಪುರದ ಸುತ್ತ ಪರಸಿ ಕಲ್ಲಿನ ಗಣಿ ಮತ್ತು ಪಾಲಿಶ್ ಘಟಕಗಳು. ಮುಲ್ಲಾಮಾರಿ ದಂಡೆಯ ಚಿಮ್ಮನಚೋಡದ ಕಡೆ ಬಂದರೆ ತೊಗರಿ ರಾಶಿಯ ಕಾಲದಲ್ಲಿ ಹಾರುವ ಹೊಟ್ಟು. ಸುಣ್ಣಕಲ್ಲಿನ ನುಣುಪು ಪುಡಿ ಸ್ವಿಚ್ಚಿನ ಗೂಡಿನ ಸಂದಿಯಲ್ಲಿ ಇಳಿದರೆ ಎರಡು ಕೆಡುಕಾಗುತ್ತವೆ. ಕಾಂಡ ಸರಿಯುವ ದಾರಿ ಗರಗರ ಎನ್ನುತ್ತದೆ, ಅದು ಸಹಿಸಬಹುದಾದದ್ದು. ಲೋಹದ ಎಲೆಗಳ ನಡುವೆ ಕೂತ ಕಣ ಮಾತ್ರ ಅಕ್ಷರವನ್ನೇ ಕೆಡಿಸುತ್ತದೆ. ಯಾವ ಲೋಹದ ಎಲೆಗಳೂ ಒಮ್ಮೆಲೇ ಕೂಡಿ ಸುಮ್ಮನಾಗುವುದಿಲ್ಲ; ಕೆಲವು ಮಿಲಿಸೆಕೆಂಡು ಕಂಪಿಸಿ ಕೂಡುತ್ತವೆ. ಕೀಬೋರ್ಡಿನ ಚಿಪ್ ಸುಮಾರು 5 ಮಿಲಿಸೆಕೆಂಡು ಕಾದು ಆ ಕಂಪನವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುತ್ತದೆ. ಧೂಳು ಕೂತಾಗ ಕಂಪನ ಅದಕ್ಕಿಂತ ಉದ್ದವಾಗಿ, ಒಮ್ಮೆ ಒತ್ತಿದ ಕೀ ಎರಡು ಸಲ ಒತ್ತಿದಂತೆ ಕಾಣುತ್ತದೆ. ‘ಕಲ್ಲು’ ಎಂದು ಟೈಪ್ ಮಾಡಿದರೆ ‘ಕಲಲ್ಲು’ ಎಂದು ಬರುವುದು ಹೀಗೆ. ಅನೇಕರು ಅದನ್ನು ತಮ್ಮ ಬೆರಳಿನ ತಪ್ಪು ಎಂದುಕೊಳ್ಳುತ್ತಾರೆ, ಮಾಲಕರು ಕೆಲಸದವರ ತಪ್ಪು ಎನ್ನುತ್ತಾರೆ.

ಇದಕ್ಕೆ ಉತ್ತರ ಕೈಲ್ ಕಂಪನಿಯ ಬಾಕ್ಸ್ ಸ್ವಿಚ್. ಇದರಲ್ಲಿ ಲೋಹದ ಸಂಪರ್ಕವನ್ನು ಗೂಡಿನೊಳಗೇ ಇನ್ನೊಂದು ಪುಟ್ಟ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದಾರೆ. ಧೂಳು, ನೀರಿನ ತಡೆಗೆ ಐಪಿ 56 ದರ್ಜೆ ಎಂದು ಕಂಪನಿ ಹೇಳುತ್ತದೆ. ಕೆಂಪು, ಕಂದು ಎರಡೂ ಬಗೆ ಇದರಲ್ಲಿ ಇವೆ. ಲೋಹದ ಬದಲು ಬೆಳಕಿನ ಕಿರಣ ಬಳಸುವ ಆಪ್ಟಿಕಲ್ ಸ್ವಿಚ್‌ಗಳೂ, ಅಯಸ್ಕಾಂತ ಬಳಸುವವೂ ಇವೆ. ಅವುಗಳಲ್ಲಿ ಕೂಡುವ ಲೋಹವೇ ಇಲ್ಲವಾದ್ದರಿಂದ ಕಂಪನದ ಮಾತಿಲ್ಲ. ಆದರೆ ಸಾಮಾನ್ಯ ಸ್ವಿಚ್ ಅವುಗಳ ಬೋರ್ಡಿಗೆ ಹೊಂದುವುದಿಲ್ಲ, ಒಂದು ಕೆಟ್ಟರೆ ಅದೇ ಜಾತಿಯದನ್ನು ಹುಡುಕಬೇಕು. ಮೊದಲ ಕೀಬೋರ್ಡಿಗೆ ಅವು ಬೇಡ ಎನ್ನುವೆ. ಸ್ವಿಚ್ ಬಿಗಿಯಾಯಿತೆಂದು ಹೊಲಿಗೆ ಯಂತ್ರದ ಎಣ್ಣೆಯನ್ನಂತೂ ಬಿಡಬೇಡಿ. ಎಣ್ಣೆ ಲೋಹದ ಎಲೆಗಳಿಗೆ ಹರಿದು, ಧೂಳನ್ನು ಕರೆದು ಕೂರಿಸುತ್ತದೆ. ಕೆಲಸ ಮುಗಿದ ಮೇಲೆ ಒಂದು ಹತ್ತಿ ಬಟ್ಟೆ ಹೊದಿಸಿದರೆ ಎಷ್ಟೋ ಕಾಪಾಡಿದಂತೆ.

ಎಫ್‌ಗೆ ಒಂದು ಬಗೆ, ಶಿಫ್ಟ್‌ಗೆ ಇನ್ನೊಂದು ಬಗೆ ಬೇಕು ಎಂದೆ. ಒಂದೇ ಕೀಬೋರ್ಡಿನಲ್ಲಿ ಇದು ಸಾಧ್ಯವಾಗುವುದು ‘ಹಾಟ್ ಸ್ವಾಪ್’ ಬೋರ್ಡಿನಲ್ಲಿ. ಅಲ್ಲಿ ಸ್ವಿಚ್ಚನ್ನು ಬೆಸುಗೆ ಹಾಕಿರುವುದಿಲ್ಲ, ಸಾಕೆಟ್ಟಿನಲ್ಲಿ ಸಿಕ್ಕಿಸಿರುತ್ತಾರೆ. ಜೊತೆಗೆ ಬರುವ ಚಿಮಟದಿಂದ ಎಳೆದು ಬದಲಿಸಬಹುದು. ಬೋರ್ಡ್ ಮೂರು ಪಿನ್ನಿನದೋ ಐದು ಪಿನ್ನಿನದೋ ಕೇಳಿಕೊಳ್ಳಿ: ಐದರದ್ದಕ್ಕೆ ಎರಡೂ ಬಗೆಯ ಸ್ವಿಚ್ ಕೂರುತ್ತವೆ, ಮೂರರದ್ದಕ್ಕೆ ಐದು ಪಿನ್ನಿನ ಸ್ವಿಚ್ಚಿನ ಎರಡು ಪ್ಲಾಸ್ಟಿಕ್ ಕಾಲು ಕತ್ತರಿಸಬೇಕಾಗುತ್ತದೆ. ಎರಡು ಮೂರು ಸಾವಿರ ರೂಪಾಯಿಯಿಂದ ಇಂಥವು ಸಿಗುತ್ತವೆ. ಚಿಂಚೋಳಿ ಕಡೆಯವರಿಗೆ ಹೈದರಾಬಾದ್ ಹೇಗೂ ಓಡಾಟದ ಊರು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಕಂಪ್ಯೂಟರ್ ಅಂಗಡಿಗಳ ಸಾಲೇ ಇದೆ. ಬೆಂಗಳೂರಿಗೆ ಹೋದರೆ ಎಸ್.ಪಿ. ರೋಡ್.

ನನ್ನ ಆಯ್ಕೆ ಕೇಳಿದರೆ: ಬಲ ಶಿಫ್ಟ್ ಪೂರ್ತಿ ಉದ್ದವಿರುವ ಹಾಟ್ ಸ್ವಾಪ್ ಬೋರ್ಡ್, ಎಲ್ಲ ಕೀಗೂ ಮುಚ್ಚಿದ ಪೆಟ್ಟಿಗೆಯ ಕಂದು ಸ್ವಿಚ್, ಎರಡು ಶಿಫ್ಟ್‌ಗೆ ಮಾತ್ರ ಕೆಂಪು. ಕೊಳ್ಳುವಾಗಲೇ ಬಿಡಿ ಸ್ವಿಚ್ ಹತ್ತು ಹೆಚ್ಚಿಗೆ ತರಿಸಿಟ್ಟುಕೊಳ್ಳಿ. ಮೊದಲು ಕೆಡುವುದು ಸಾಮಾನ್ಯವಾಗಿ ಹೆಚ್ಚು ಒತ್ತುವ ಅಕ್ಷರದ ಕೀ, ನಮ್ಮಲ್ಲಿ ಅದು ಎಫ್ ಆಗಿರುವ ಸಾಧ್ಯತೆಯೇ ಹೆಚ್ಚು.