ಆಸ್ಪತ್ರೆಗೆ ಎಷ್ಟು ದೂರ?

ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯ ಸೀಮೆಯಲ್ಲಿ ದೂರವನ್ನು ಹೊತ್ತಿನಿಂದ ಅಳೆಯಬೇಕಾಗುತ್ತದೆ. ಬಿಡಿಸಿದ ಮೊಗ್ಗು ಬಾಡುವುದರೊಳಗಾಗಿ ಪೇಟೆಯನ್ನು ಸೇರಬೇಕು. ದಾರಿ ಎಷ್ಟು ಮೈಲಿ ಎಂಬುದು ಆಮೇಲಿನ ಮಾತು. ಹೂವಿನ ವಿಷಯದಲ್ಲಿ ರೈತನು ಬಲ್ಲ ಈ ಸಂಗತಿಯನ್ನು ರೋಗಿಯ ವಿಷಯದಲ್ಲಿ ವಿಚಾರಿಸುವ ಶಾಸ್ತ್ರವೊಂದುಂಟು. ಅದೇ ಆರೋಗ್ಯ ಭೂಗೋಳ.

1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯನು, ಯಾವ ಯಾವ ಮನೆಯಲ್ಲಿ ಸಾವು ಸಂಭವಿಸಿತೆಂಬುದನ್ನು ನಕ್ಷೆಯ ಮೇಲೆ ಗುರುತಿಸಿದನು. ಗುರುತುಗಳು ಬಹುಮಟ್ಟಿಗೆ ಒಂದೇ ನೀರಿನ ಪಂಪಿನ ಸುತ್ತ ನೆರೆದಿದ್ದವು. ರೋಗವೆಲ್ಲಿದೆ ಎಂಬ ಆ ಪ್ರಶ್ನೆಯೊಡನೆ ಇಂದಿನ ಸಂಶೋಧಕರು ಇನ್ನೊಂದನ್ನು ಕೇಳುತ್ತಾರೆ: ವೈದ್ಯನೆಲ್ಲಿದ್ದಾನೆ, ಅವನನ್ನು ತಲುಪಲು ಎಷ್ಟು ಹೊತ್ತು ಬೇಕು?

ಹಡಗಲಿ ತಾಲ್ಲೂಕಿನ ಹಿರೇಹಡಗಲಿಯನ್ನೇ ತೆಗೆದುಕೊಳ್ಳೋಣ. ಈ ಊರು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿದೆ; ಜಿಲ್ಲಾಕೇಂದ್ರ ಹೊಸಪೇಟೆ. ಆದರೆ ನಕ್ಷೆಯ ಮೇಲೆ ಅಳತೆಗೋಲಿಟ್ಟು ನೋಡಿದರೆ ಹೊಸಪೇಟೆಗಿಂತ ನೆರೆಜಿಲ್ಲೆಯ ದಾವಣಗೆರೆಯೇ ಹತ್ತಿರ. 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಬಳ್ಳಾರಿಯೋ ನೂರು ಕಿಲೋಮೀಟರಿಗೂ ಆಚೆ. ಪಡುವಣದ ಹಾವೇರಿ ಸಮೀಪವೆಂದು ತೋರಿದರೂ ನಡುವೆ ತುಂಗಭದ್ರೆ ಹರಿಯುತ್ತಾಳೆ. ಸೇತುವೆ ಇರುವಲ್ಲಿಗೆ ಹೋಗಿಯೇ ದಾಟಬೇಕು. ನಕ್ಷೆಯ ದೂರವೂ ರೋಗಿಯ ದಾರಿಯೂ ಒಂದೇ ಅಲ್ಲ.

ಬಯಲುನಾಡಿನಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೊಂದು ಉಪಕೇಂದ್ರ ಇರಬೇಕೆಂಬುದು ನಮ್ಮ ದೇಶದ ನಿಯಮ. ಈ ತಲೆಯೆಣಿಕೆ ಅವಶ್ಯವೇ ಸರಿ. ಆದರೆ ರಾತ್ರಿ ಬಸ್ಸಿಲ್ಲದ ಹಳ್ಳಿಯಾಗಲಿ, ಮಗುವಿನ ಜ್ವರಕ್ಕಾಗಿ ಒಂದು ದಿನದ ಕೂಲಿಯನ್ನು ಬಿಡಬೇಕಾದ ತಾಯಿಯಾಗಲಿ ಅದರಲ್ಲಿ ಕಾಣುವುದಿಲ್ಲ. ಭರತ ಹುಣ್ಣಿಮೆಯ ವೇಳೆಗೆ ಇದೇ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ ಕೇಳಲು ನೆರೆಯುವ ಲಕ್ಷಾಂತರ ಭಕ್ತರೂ ಊರಿನ ಜನಗಣತಿಗೆ ಸೇರಿದವರಲ್ಲ.

ಹೊತ್ತಿನ ಬೆಲೆ ಎಷ್ಟೆಂಬುದು ಹೆರಿಗೆಯಲ್ಲಿ ತಿಳಿಯುತ್ತದೆ. ಹೆರಿಗೆಯ ತರುವಾಯದ ವಿಪರೀತ ರಕ್ತಸ್ರಾವವು ಎರಡೇ ಗಂಟೆಗಳಲ್ಲಿ ಬಾಣಂತಿಯ ಪ್ರಾಣವನ್ನು ತೆಗೆಯಬಲ್ಲದು. ತಾಯಂದಿರ ಮರಣಕ್ಕೆ ಮೂರು ವಿಳಂಬಗಳು ಕಾರಣವೆಂದು ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕಿಯರು 1994ರಲ್ಲಿ ವಿವರಿಸಿದರು: ಹೊರಡಲು ನಿರ್ಧರಿಸುವುದರಲ್ಲಿ ಒಂದು, ದಾರಿಯಲ್ಲಿ ಒಂದು, ಆಸ್ಪತ್ರೆ ಸೇರಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ಒಂದು. ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಎರಡನೆಯದಕ್ಕೆ ಪರಿಹಾರ. ಮೊದಲನೆಯದಕ್ಕೆ ಮನೆಯ ಹಿರಿಯರ ವಿವೇಕ ಬೇಕು; ಮೂರನೆಯದಕ್ಕೆ, ಕಟ್ಟಡದೊಳಗೆ ವೈದ್ಯರೂ ದಾದಿಯರೂ ರಕ್ತವೂ ಸಿದ್ಧವಾಗಿರಬೇಕು.

ಆಸ್ಪತ್ರೆ ಬೀದಿಯ ತಿರುವಿನಲ್ಲೇ ಇರುವ ನಗರವಾಸಿಗಳಿಗೆ ಇದು ದೂರದ ಮಾತೆನಿಸಬಹುದು. ಆದರೆ ಹೊಸ ಆಸ್ಪತ್ರೆ ಎಲ್ಲಿರಬೇಕೆಂಬುದನ್ನು ಜಿಲ್ಲೆಯ ಗಡಿಯೊಂದೇ ತೀರ್ಮಾನಿಸಬಾರದು. ನಡುರಾತ್ರಿ ನೋವು ಕಾಣಿಸಿಕೊಂಡ ಗರ್ಭಿಣಿ ಎಷ್ಟು ಹೊತ್ತಿಗೆ ಅಲ್ಲಿಗೆ ಮುಟ್ಟುವಳೆಂಬುದನ್ನು ಮೊದಲು ಕೇಳಬೇಕು.