ಚೇತರಿಸಿಕೊಳ್ಳಲು ಎಷ್ಟು ದಿನ?

ನೆದರ್‌ಲ್ಯಾಂಡ್ಸ್‌ನ ವೆಲುವೆ ಸರೋವರ ಹೆಚ್ಚು ಆಳವಿಲ್ಲದ್ದು. 1960ರ ದಶಕದಲ್ಲಿ ಊರಿನ ಕೊಳಚೆ, ಹೊಲದ ಗೊಬ್ಬರಗಳಿಂದ ರಂಜಕ ಅದಕ್ಕೆ ವರ್ಷ ವರ್ಷವೂ ಸೇರುತ್ತ ಬಂತು. ಆದರೂ ನೀರು ಬಹುಕಾಲ ತಿಳಿಯಾಗಿಯೇ ಇತ್ತು. ತಳದ ಜಲಸಸ್ಯಗಳು ಕೆಸರು ಏಳದಂತೆ ತಡೆದು, ಪಾಚಿ ತಿನ್ನುವ ಕಿರುಜೀವಿಗಳಿಗೆ ಆಸರೆಯಾಗಿದ್ದವು. ದಶಕದ ಕೊನೆಗೆ ಆ ಸಮತೋಲ ತಪ್ಪಿತು. ಪಾಚಿ ಹಬ್ಬಿ ಬೆಳಕು ತಳ ಮುಟ್ಟದಾಯಿತು, ಸಸ್ಯಗಳು ಸತ್ತವು, ಹುಳು ಹುಡುಕುವ ಬ್ರೀಮ್ ಮೀನುಗಳು ತಳವನ್ನು ಕೆದಕಿದವು, ಎದ್ದ ಕೆಸರು ಉಳಿದ ಬೆಳಕನ್ನೂ ತಡೆಯಿತು. ಹೀಗೆ ಕೆಡುಕೇ ಕೆಡುಕನ್ನು ಬೆಳೆಸತೊಡಗುವ ಗಡಿಯನ್ನು ವಿಜ್ಞಾನಿಗಳು ಟಿಪ್ಪಿಂಗ್ ಪಾಯಿಂಟ್ ಎನ್ನುತ್ತಾರೆ. ನಾವು ಹೊರಳುಬಿಂದು ಎನ್ನೋಣ. ರಂಜಕ ಲೀಟರಿಗೆ ಸುಮಾರು 0.2 ಮಿಲಿಗ್ರಾಂ ದಾಟಿದಾಗ ಬಗ್ಗಡವಾದ ನೀರು, ಅದು 0.1ರ ಕೆಳಗಿಳಿಯುವವರೆಗೆ ತಿಳಿಯಾಗಲಿಲ್ಲ. ಅಷ್ಟರಲ್ಲಿ 1990ರ ದಶಕ ಬಂದಿತ್ತು.

ಕೆಡುವ ಹಿಂದಿನ ವರ್ಷ ನೀರನ್ನು ನೋಡಿದವರಿಗೆ ಅಪಾಯ ಕಾಣುತ್ತಿರಲಿಲ್ಲ. ಹಾಗಾದರೆ ಎಲ್ಲಿ ನೋಡಬೇಕಿತ್ತು? ಡಚ್ ವಿಜ್ಞಾನಿ ಮಾರ್ಟನ್ ಶೆಫರ್ ಮತ್ತು ಸಂಗಡಿಗರು 2009ರಲ್ಲಿ ಬರೆದ ಉತ್ತರ ಸರಳವಾಗಿದೆ: ಗಡಿ ಹತ್ತಿರವಾದಂತೆ ಚೇತರಿಕೆ ನಿಧಾನವಾಗುತ್ತದೆ. ಸಣ್ಣ ಪೆಟ್ಟಿನಿಂದ ಮೊದಲು ಬೇಗ ಸುಧಾರಿಸಿಕೊಳ್ಳುತ್ತಿದ್ದ ವ್ಯವಸ್ಥೆ ಈಗ ತಡಮಾಡುತ್ತದೆ, ಏರಿಳಿತ ದೊಡ್ಡದಾಗುತ್ತದೆ. ಅಮೆರಿಕದ ಪೀಟರ್ ಸರೋವರದಲ್ಲಿ ಸ್ಟೀಫನ್ ಕಾರ್ಪೆಂಟರ್ ತಂಡ 2008ರಿಂದ ಬೇಟೆಗಾರ ಮೀನುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟು ಇದನ್ನು ಪರೀಕ್ಷಿಸಿತು. ಆಹಾರ ಸರಪಳಿ ಪೂರ್ತಿ ಬದಲಾಗುವುದಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಮೊದಲೇ ಆ ಸುಳಿವುಗಳು ಕಂಡವು.

ಮುಪ್ಪನ್ನೂ ಇದೇ ಕಣ್ಣಿನಿಂದ ನೋಡಬೇಕೆಂಬುದು ನನ್ನ ವಾದ. ಇಬ್ಬರು ಹಿರಿಯರ ಬಿಪಿ, ಸಕ್ಕರೆ ಎಲ್ಲವೂ ಇಂದು ಒಂದೇ ಇರಬಹುದು. ಇಬ್ಬರಿಗೂ ಮೂರು ದಿನ ಜ್ವರ ಬಂದುಹೋಗಲಿ. ಒಬ್ಬರು ವಾರದೊಳಗೆ ಹಾಲು ತರಲು ಹೊರಡುತ್ತಾರೆ. ಇನ್ನೊಬ್ಬರಿಗೆ ತಿಂಗಳಾದರೂ ಕುರ್ಚಿಯಿಂದೇಳಲು ಕೈಯೂರಬೇಕು. ರಕ್ತಪರೀಕ್ಷೆಯ ಚೀಟಿಯಲ್ಲಿ ಇಲ್ಲದ ವ್ಯತ್ಯಾಸ ಅಲ್ಲಿದೆ. ಮುಂದೆ ಬಚ್ಚಲಲ್ಲಿ ಕಾಲು ಜಾರಿದರೆ, ಈ ಎರಡನೆಯವರು ಹಾಸಿಗೆ ಹಿಡಿಯುವ ಸಂಭವ ಹೆಚ್ಚು. ಹಾಸಿಗೆಯಲ್ಲಿ ಸ್ನಾಯು ಕರಗುತ್ತದೆ, ಕರಗಿದಷ್ಟೂ ಏಳಲಾಗದು: ಕೆಸರು ಮತ್ತು ಪಾಚಿಯ ಅದೇ ಸುಳಿ. ತಿಮೊಥಿ ಪಿರ್ಕೊವ್ ಮತ್ತಿತರರು 2021ರಲ್ಲಿ ರಕ್ತಕಣಗಳ ಎಣಿಕೆಯ ಏರಿಳಿತವನ್ನು ಲೆಕ್ಕಹಾಕಿದಾಗ, 40ರ ವಯಸ್ಸಿನಲ್ಲಿ ಸುಮಾರು 2 ವಾರವಿದ್ದ ಚೇತರಿಕೆಯ ಅವಧಿ 90ರ ಹೊತ್ತಿಗೆ 8 ವಾರ ಮೀರಿತ್ತು.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಬೆಂಜಮಿನ್ ಗೊಂಪರ್ಟ್ಸ್ 1825ರಲ್ಲಿ ತೋರಿಸಿದ ನಿಯಮದ ಪ್ರಕಾರ ವಯಸ್ಕರ ಸಾವಿನ ಸಂಭವ ಸುಮಾರು 8 ವರ್ಷಕ್ಕೊಮ್ಮೆ ಇಮ್ಮಡಿಸುತ್ತ ನಯವಾಗಿ ಏರುತ್ತದೆ. ಅದರಲ್ಲಿ ಹೊರಳು ಎಲ್ಲಿದೆ ಎಂದು ಕೇಳಬಹುದು. ಆ ನಯ ಲಕ್ಷಾಂತರ ಜನರ ಸರಾಸರಿಯದು. ಒಬ್ಬೊಬ್ಬರೂ ಬೇರೆ ಬೇರೆ ದಿನ ಎಡವಿದರೆ ಒಟ್ಟು ಗೆರೆ ನಯವಾಗಿಯೇ ಕಾಣುತ್ತದೆ. ಇನ್ನೊಂದು ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಪಿರ್ಕೊವ್ ತಂಡದ ಅಧ್ಯಯನ ಗೆರೆಯನ್ನು ಮುಂದಕ್ಕೆಳೆದು 120ರಿಂದ 150 ವರ್ಷಕ್ಕೆ ಚೇತರಿಕೆಯ ಶಕ್ತಿ ಪೂರ್ತಿ ಮುಗಿಯುತ್ತದೆ ಎಂದಿತು. ಅತಿ ದೀರ್ಘಕಾಲ ಬದುಕಿದ ದಾಖಲೆಯುಳ್ಳ ಜಾನ್ ಕಾಲ್ಮಾ 1997ರಲ್ಲಿ ತೀರಿಕೊಂಡಾಗ ಅವರಿಗೆ 122. ಅದರಾಚೆ ನೋಡಲು ಮನುಷ್ಯರೇ ಇಲ್ಲದಿರುವಾಗ ಆ ಸಂಖ್ಯೆಯನ್ನು ಊಹೆಯೆಂದೇ ಓದಬೇಕು. ಎಲ್ಲ ಕುಸಿತಕ್ಕೂ ಮುನ್ಸೂಚನೆ ಇರುವುದೂ ಇಲ್ಲ. ಲಾರಿ ಗುದ್ದಿದರೆ ಯಾವ ಚೇತರಿಕೆಯ ಲೆಕ್ಕವೂ ಮೊದಲೇ ಹೇಳದು.

ಆದರೆ ನಿಧಾನವಾಗಿ ಬಲ ಸೋರಿಹೋಗುವ ದಾರಿಯಲ್ಲಿ ಈ ಅಳತೆಗೆ ಬೆಲೆಯಿದೆ, ಅದು ದುಬಾರಿಯೂ ಅಲ್ಲ. ಲಿಂಡಾ ಫ್ರೀಡ್ ತಂಡ 2001ರಲ್ಲಿ ಮುಪ್ಪಿನ ನಿತ್ರಾಣವನ್ನು ಗುರುತಿಸಲು ಬಳಸಿದ್ದು ಐದು ಲಕ್ಷಣಗಳನ್ನು: ತೂಕ ಇಳಿಕೆ, ಆಯಾಸ, ಕೈಹಿಡಿತದ ಬಲ, ನಡಿಗೆಯ ವೇಗ, ಓಡಾಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿರುವ ‘ಭಾರತ್’ ಅಧ್ಯಯನ ನಮ್ಮ ಜನರ ಮುಪ್ಪಿಗೆ ನಮ್ಮದೇ ಅಳತೆಗೋಲು ಹುಡುಕುತ್ತಿದೆ. ಪಾಶ್ಚಾತ್ಯರ ಸರಾಸರಿಯಿಂದ ನಮ್ಮ ಹಿರಿಯರನ್ನು ಅಳೆಯುವುದು ಇನ್ನಾದರೂ ನಿಲ್ಲಬೇಕು. ಆ ಅಳತೆಗೋಲು ಸಿಗುವವರೆಗೆ, ಹಿರಿಯರನ್ನು ನೋಡುವ ವೈದ್ಯರು ಇವತ್ತಿನ ಬಿಪಿಯ ಜೊತೆಗೆ ಕಳೆದ ಸಲದ ಜ್ವರದಿಂದ ಸುಧಾರಿಸಿಕೊಳ್ಳಲು ಎಷ್ಟು ದಿನ ಹಿಡಿಯಿತೆಂದೂ ಕೇಳಿ, ಚೀಟಿಯಲ್ಲಿ ಬರೆದಿಡಬಹುದು.